ಕೂಸಿನ ಕೋಣೆಗಾಗಿ ಒಂದು ಭಾಷಣ

ಬಟ್ಟೆ ಗಿರಣಿಯಲ್ಲಿ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುವುದು. ಮೂವತ್ತೊಂದು ವರ್ಷ ಮಗ್ಗದ ಮುಂದೆ ನಿಂತವಳು. ಅಲ್ಲಿನ ಸದ್ದಿಗೆ ಪಕ್ಕದವಳು ಅರಚಿಕೊಂಡರೂ ಕೇಳಿಸದು. ಹಾಗಾಗಿ ಗಿರಣಿಯ ಹೆಂಗಸರು ದನಿಯ ಗೊಡವೆಗೇ ಹೋಗದೆ ತುಟಿ ಆಡಿಸಿ, ಕೈ ಮಾಡಿ ಮಾತಾಡುತ್ತಾರೆ. ಅತ್ತೆಯ ಚಾಡಿ, ಸೊಸೆಯ ಬಸಿರು ಎಲ್ಲವೂ ಈ ತುದಿಯಿಂದ ಆ ತುದಿಗೆ ತುಟಿಪಿಟಕ್ಕೆನ್ನದೆ ತಲುಪುತ್ತವೆ.

ಅಂಥವಳ ತಲೆಗೆ ಈಗ ಒಂದು ಭಾಷಣ ಗಂಟುಬಿದ್ದಿತ್ತು. ಹೊಸ ಮ್ಯಾನೇಜರು ಕೂಸಿನ ಕೋಣೆಯನ್ನು ಖಾಲಿ ಮಾಡಿಸಿ ನೂಲಿನ ಮೂಟೆ ಪೇರಿಸುವವರಿದ್ದರು. ಅಲ್ಲಿ ಮಲಗುವ ಹನ್ನೊಂದು ಕೂಸುಗಳನ್ನು ತಾಯಂದಿರು ಮಗ್ಗದ ಪಕ್ಕದಲ್ಲೇ ಮಲಗಿಸಿಕೊಳ್ಳಲಿ, ಕಣ್ಣೆದುರಿಗೇ ಇದ್ದಂತಾಯಿತು ಎಂಬುದು ಅವರ ವಾದ. ಪಾಪ, ಕೆಟ್ಟ ಮನುಷ್ಯನಲ್ಲ. ಗಾಜಿನ ಕೋಣೆಯಿಂದ ಈಚೆಗೆ ಕಾಲಿಟ್ಟು ಅಭ್ಯಾಸವಿರಲಿಲ್ಲ, ಅಷ್ಟೆ. ಆ ಹನ್ನೊಂದರಲ್ಲಿ ಒಂದು ದೊಡ್ಡಮ್ಮನ ಸೊಸೆಯದು, ಏಳು ತಿಂಗಳಿನದು. ಶನಿವಾರದ ಸಭೆಯಲ್ಲಿ ಅವಳೇ ಮಾತಾಡಬೇಕೆಂದು ಉಳಿದವರೆಲ್ಲ ಸೇರಿ ಹೊರೆ ಹೊರಿಸಿದರು.

ಮಗಳು ಶಾಲೆಯಲ್ಲಿ ಟೀಚರು. ಅಡುಗೆಮನೆಯಲ್ಲಿ ನಾಲ್ಕು ದಿನ ತಾಲೀಮು ಕೊಟ್ಟಳು. ಬೆನ್ನು ನೆಟ್ಟಗಿರಬೇಕು, ಕೈ ಸುಮ್ಮನಿರಬೇಕು, ದನಿ ಹೊಟ್ಟೆಯಿಂದ ಬರಬೇಕು. ದೊಡ್ಡಮ್ಮ ಪಾತ್ರೆಗಳ ಮುಂದೆ ಎಷ್ಟು ಭಾಷಣ ಬಿಗಿದಳೆಂದರೆ ಅವುಗಳಿಗೆ ಬಾಯಿಪಾಠವೇ ಆಗಿರಬೇಕು.

ಸಭೆಗೆ ಹೊರಡುವಾಗ ಮಗಳು ಇನ್ನೊಂದು ಬುದ್ಧಿ ಹೇಳಿದಳು. "ಭಯ ಆದ್ರೆ ಕೊನೇ ಸಾಲಲ್ಲಿ ಕೂತಿರೋ ಒಬ್ಬರನ್ನ ನೋಡ್ಕೊಂಡು ಮಾತಾಡಮ್ಮ. ಅವರಿಗೆ ಮುಟ್ಟಿದ್ರೆ ಎಲ್ಲರಿಗೂ ಮುಟ್ಟಿದ ಹಾಗೆ."

ಅದೇ ಎಡವಟ್ಟಾಯಿತು ನೋಡಿ. ಮೈಕಿನ ಮುಂದೆ ನಿಂತದ್ದೇ ಭಯವಾಗಿ ದೊಡ್ಡಮ್ಮ ಕೊನೆಯ ಸಾಲಿನತ್ತ ಕಣ್ಣು ಹಾಯಿಸಿದಳು. ಅಲ್ಲಿ ಇಪ್ಪತ್ತು ವರ್ಷಗಳ ಹಳೆಯ ಗೆಳತಿ, ನೂಲು ಸುತ್ತುವವಳು, ಕೂತಿದ್ದಳು. ಗಿರಣಿಯಲ್ಲೂ ಅವಳು ಅಷ್ಟೇ ದೂರದಲ್ಲಿ ನಿಲ್ಲುವುದು. ಅವಳ ಮುಖ ಕಂಡದ್ದೇ ತಡ, ದೊಡ್ಡಮ್ಮನ ಭಯ ಇಳಿದು ಮಾತು ಹೊಳೆಯಂತೆ ಹರಿಯಿತು. ಇಲ್ಲದ ಕೂಸನ್ನು ತೋಳಲ್ಲಿ ತೂಗಿದಳು, ಮಗ್ಗದ ಕಡೆ ಬೆರಳು ಮಾಡಿದಳು, ಎದೆ ಮುಟ್ಟಿಕೊಂಡು ಕೇಳಿಕೊಂಡಳು. ಹೆಂಗಸರು ತಲೆದೂಗಿದರು, ಕೆಲವರು ಕಣ್ಣೊರೆಸಿಕೊಂಡರು, ಕೊನೆಗೆ ಚಪ್ಪಾಳೆಯೋ ಚಪ್ಪಾಳೆ.

ಮ್ಯಾನೇಜರು ಎದ್ದು ಬಂದು ಮೈಕನ್ನು ಬೆರಳಿಂದ ತಟ್ಟಿದರು. ಅದು ಸರಿಯಾಗೇ ಇತ್ತು. ಬಾಗಿಲ ಬಳಿ ಮಗಳು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಷ್ಟು ಹೊತ್ತೂ ದೊಡ್ಡಮ್ಮನ ಬಾಯಿಂದ ಒಂದಕ್ಷರದ ಸದ್ದೂ ಹೊರಟಿರಲಿಲ್ಲ.

"ನನಗೇನೂ ಕೇಳಿಸ್ಲಿಲ್ಲಮ್ಮ," ಎಂದರು ಮ್ಯಾನೇಜರು, ನಗು ತಡೆದುಕೊಂಡು. "ನೀವು ಬಾಯಾಡಿಸಿದ್ದು ಮಾತ್ರ ಕಾಣಿಸ್ತು."

ದೊಡ್ಡಮ್ಮ ನಾಚಿಕೆಯಿಂದ ಹಿಡಿಯಷ್ಟಾದಳು. ಇಳಿದುಹೋಗಲು ತಿರುಗಿದವಳು ಆ ಮಾತು ಕಿವಿಯಲ್ಲಿ ಉಳಿದು ಗಕ್ಕನೆ ನಿಂತಳು. ಈ ಸಲ ದನಿ ಹೊಟ್ಟೆಯಿಂದಲೇ ಬಂತು.

"ಮಗ್ಗದ ಪಕ್ಕ ಮಲಗಿಸಿದ ಕೂಸು ಅತ್ರೂ ಅಷ್ಟೇ ಸ್ವಾಮಿ. ಬಾಯಿ ಮಾತ್ರ ಕಾಣೋದು. ಅದೂ ನಾವು ಆ ಕಡೆ ನೋಡಿದ್ರೆ."

ಮ್ಯಾನೇಜರ ನಗು ಅಲ್ಲೇ ನಿಂತಿತು. ಮಗ್ಗ ಚಾಲೂ ಮಾಡಿಸಿ ತಮ್ಮನ್ನು ಒಳಗೆ ಕರೆದೊಯ್ಯಲು ಹೇಳಿದರು. ಹತ್ತು ನಿಮಿಷದಲ್ಲಿ ಕಿವಿ ಮುಚ್ಚಿಕೊಂಡು ಹೊರಬಂದವರು ಮೊದಲು ಮಾಡಿದ್ದು, ಮೂಟೆಗಳಿಗೆ ತಮ್ಮ ಅತಿಥಿಗಳ ಕೋಣೆಯನ್ನು ಬಿಟ್ಟುಕೊಟ್ಟದ್ದು.

ಮನೆಯ ದಾರಿಯಲ್ಲಿ ಮಗಳು, ತಾನು ನಾಲ್ಕು ದಿನ ಪಟ್ಟ ಪಾಡೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಗೊಣಗಿದಳು. ದೊಡ್ಡಮ್ಮನಿಗೆ ಹಿಗ್ಗೋ ಹಿಗ್ಗು. ಎರಡು ಹೆಜ್ಜೆ ಮುಂದೆ ಹೋಗಿ ತಿರುಗಿ, ಸದ್ದಿಲ್ಲದೆ ತುಟಿ ಆಡಿಸಿ ಏನೋ ಹೇಳಿದಳು.

ಮಗಳು ನಕ್ಕುಬಿಟ್ಟಳು. "ನನಗೂ ಹಸಿವೆ. ನಡಿ ಬೇಗ," ಎಂದಳು. ಅವಳೂ ಆ ಕೂಸಿನ ಕೋಣೆಯಲ್ಲೇ, ಈ ತುಟಿಮಾತು ನೋಡುತ್ತ ಬೆಳೆದವಳು.