ಏಳರ ಜೋಡಿ

ಪಂಚಮಿಗೆ ಬೇವೂರಿನ ತವರಿಗೆ ಬಂದಿದ್ದ ಅನ್ನಪೂರ್ಣ, ತಮ್ಮ ಸಿದ್ದೇಶನೊಂದಿಗೆ ಇಸ್ಪೀಟಿನ ಮೂರೆಲೆ ಆಡುತ್ತಿದ್ದಳು. ಪಣಕ್ಕೆ ಶೇಂಗಾ ಉಂಡಿ: ಎಲೆ ಹಂಚುವ ಮೊದಲು ಇಬ್ಬರೂ ನಡುವೆ ಒಂದೊಂದು ಇಡಬೇಕು, ಗೆದ್ದವರಿಗೆ ಅವೆಲ್ಲ. ಎಲೆ ನೋಡಿದ ಮೇಲೆ ಇನ್ನೊಂದು ಉಂಡಿ ಇಡಬಹುದು, ಬೇಡವಾದರೆ ಪಾಸ್ ಎಂದು ಇಬ್ಬರೂ ಎಲೆ ತೋರಿಸಬೇಕು. ಯಾರ ಉಂಡಿ ಮೊದಲು ಖಾಲಿಯಾಗುತ್ತದೋ ಅವರು ಹಬ್ಬದ ಎಣ್ಣೆ ಕಡಾಯಿಗಳನ್ನೆಲ್ಲ ತಿಕ್ಕಬೇಕು.

ಸಿದ್ದೇಶನ ತಾಟಿನಲ್ಲಿ ಉಳಿದಿದ್ದು ಒಂದೇ ಉಂಡಿ. ಎಲೆಯಲ್ಲಿ ಏಳರ ಜೋಡಿ ಬಂದಿತ್ತು. ಅದನ್ನು ನಂಬಿ ಉಂಡಿ ಇಡಲು ಭಯ, ಬಿಡಲು ಮನಸ್ಸಿಲ್ಲ.

“ಲಗೂನ ಹೇಳಲೇ ಸಿದ್ಯಾ, ಇಡ್ತೀಯೋ, ಪಾಸೋ?”

“ತಡೀ ಅಕ್ಕಾ. ನಾ ಇಟ್ರ, ನಿನ್ನ ಎಲಿ ಛಲೋ ಇದ್ರಷ್ಟ ನೀ ಇಡ್ತಿ, ನಾ ಸೋಲ್ತೀನಿ. ಕೆಟ್ಟಿದ್ರ ಎಲಿ ಒಗದು ಓಡ್ತಿ, ನನಗ ಹೆಚ್ಚಿಗಿ ಏನೂ ಸಿಗೂದಿಲ್ಲ. ಅದಕ್ಕ ಪಾಸ್!”

ಅವನು ಏಳರ ಜೋಡಿ ತೋರಿಸಿದ. ಅಕ್ಕನ ಬಳಿ ಜೋಡಿಯೇ ಇರಲಿಲ್ಲ.

“ಗೆದ್ದೆ!” ಎಂದು ಕೂಗಿದಾಗ ಅವನ ಬಾಯಿಂದ ಶೇಂಗಾ ಪುಡಿ ಹಾರಿತು.

“ನಿನ್ನ ಉಂಡಿ ಎಲ್ಲೈತಿ?”

ಸಿದ್ದೇಶ ತನ್ನ ತಾಟು ನೋಡಿದ. ವಿಚಾರ ಮಾಡುತ್ತ ಅದನ್ನು ತಿಂದು ಮುಗಿಸಿದ್ದ.

“ಎಲಿ ತೋರಿಸೂಕಿಂತ ಮೊದಲ ಖಾಲಿ ಆಗೈತಿ,” ಎಂದಳು ಅನ್ನಪೂರ್ಣ. “ಏಳು, ಕಡಾಯಿ ಹಿತ್ತಲದಾಗ ಅದಾವು.”

ಅವನು ಬಾಯಲ್ಲಿದ್ದದ್ದನ್ನು ನುಂಗಿ ಎದ್ದ.