ಹಿಮ್ಮಡಿಗೆ ತಾಗುವ ಚೀಲ

ಕತ್ತಲೆಕೋಣೆಯ ಬಾಗಿಲ ಸಂದಿಗೆ ಮಗಳು ಕಪ್ಪು ಬಟ್ಟೆ ತುರುಕುತ್ತಿದ್ದಳು. ಹೊರಗೆ, ಸ್ಟುಡಿಯೋದ ಮುಂಭಾಗದಲ್ಲಿ, ಬೆಂಚು ಎಳೆದಾಡುವ ಸದ್ದು. ತಂದೆಯ ಶವವನ್ನು ಮಲಗಿಸಿದ್ದು ಅಲ್ಲೇ, ಅವನು ಜೀವಮಾನವಿಡೀ ಊರಿನವರನ್ನು ಕೂರಿಸಿ ಚಿತ್ರ ತೆಗೆದ ಬೂದು ಪರದೆಯ ಮುಂದೆ.

"ಹೊರಡೋದ್ರೊಳಗೆ ಆಗತ್ತೇನೇ?" ಬಾಗಿಲಾಚೆಯಿಂದ ತಾಯಿ ಕೇಳಿದಳು.

"ಆಗತ್ತಮ್ಮ. ನೀನು ಬಾಗಿಲು ತೆಗೀಬೇಡ, ಬೆಳಕು ಬೀಳತ್ತೆ."

"ಬೆಳಕಿನ ಪಾಠ ನನಗೇ ಹೇಳ್ತೀಯಾ? ನಿನ್ನ ತೊಟ್ಟಿಲು ಇದ್ದಿದ್ದೇ ಆ ಕೋಣೇಲಿ."

ಛಾಯಾಗ್ರಾಹಕ ತಂದೆಯದು ಒಂದು ಕಟ್ಟುನಿಟ್ಟು. ತಿರುಗಾಟ ಮುಗಿಸಿ ಬಂದ ದಿನವೇ ರೀಲು ತೊಳೆಯಬೇಕು; ತೊಳೆಯದ ರೀಲು ಕ್ಯಾಮೆರಾದೊಳಗೆ ರಾತ್ರಿ ಕಳೆಯಕೂಡದು. ಈ ಸಲ ಅವನು ಕೆರೆಯ ಮೇಲಿನ ಬಂಡೆಯಿಂದ ಬಿದ್ದು ಹೆಣವಾಗಿ ಬಂದ. ಕ್ಯಾಮೆರಾ, ಅದರ ತೊಗಲ ಚೀಲ ಎರಡೂ ಪೊಲೀಸರ ಕಪಾಟಿನಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಬಂದವು. ಮಣ್ಣಿಗಿಡುವ ಮುನ್ನ ಆ ರೀಲು ತೊಳೆದಾಗಬೇಕೆಂದು ತಾಯಿ ಹಟ ಹಿಡಿದಿದ್ದಳು.

ಕ್ಯಾಮೆರಾ ತಂದ ಪೊಲೀಸಿನವನು ಮಗಳನ್ನು ಮಾತ್ರ ಪಕ್ಕಕ್ಕೆ ಕರೆದಿದ್ದ. "ಕ್ಯಾಮೆರಾದ ಮುಕ್ಕಾಲಿ ನೆಟ್ಟಗೆ ನಿಂತಿತ್ತಮ್ಮ. ಚೀಲ ಅದರ ಕೊಕ್ಕೇಲೇ ನೇತಾಡ್ತಿತ್ತು. ಬಂಡೆ ಮೇಲೆ ಜಾರಿದ ಗುರುತು ಮಾತ್ರ ಇಲ್ಲ." ಆಮೇಲೆ ದನಿ ತಗ್ಗಿಸಿದ. "ಮನೇಲಿ ಏನಾದ್ರೂ...?"

"ಏನೂ ಇಲ್ಲ," ಎಂದಿದ್ದಳು.

ಇತ್ತು. ಈಗ ಕತ್ತಲಲ್ಲಿ ರೀಲನ್ನು ಸುತ್ತುವಾಗಲೂ ಅವಳಿಗೆ ಅದೇ ನೆನಪು.

* * *

ಕಣ್ಣಿನ ವೈದ್ಯರ ಕೋಣೆಯಿಂದ ಹೊರಬಂದ ಮೇಲೆ ತಂದೆ ಮೆಟ್ಟಿಲ ಕಂಬಿಯನ್ನು ಬಿಟ್ಟಿರಲಿಲ್ಲ. ಅಂಚಿನ ನೋಟ ಆಗಲೇ ಮುಚ್ಚಿಹೋಗಿದೆ, ನಡುವಿನದೂ ಹೆಚ್ಚು ಕಾಲ ಉಳಿಯದು ಎಂದು ವೈದ್ಯರು ಹೇಳಿದ್ದರು.

"ನನಗೇನು ಹೊಸದು ಬಿಡು," ಎಂದ. "ಹುಟ್ಟಿದಾಗಿಂದ ಕ್ಯಾಮೆರಾ ತೂತಿನಲ್ಲೇ ಲೋಕ ನೋಡ್ದೋನು." ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿದ. "ನಿಮ್ಮಮ್ಮನಿಗೆ ಹೇಳ್ಬೇಡ."

ಮುಂದಿನ ವಾರ ಅವನೇ ಏಣಿ ಹತ್ತಿ ಅಂಗಡಿಯ ಬೋರ್ಡು ಇಳಿಸಿದ. ಬಣ್ಣ ಬಳಿಸಬೇಕು ಎಂದ. ಬಣ್ಣ ತರಲೇ ಇಲ್ಲ.

* * *

ಕೆರೆಯ ಮೇಲಿನ ಆ ಬಂಡೆಗೆ ಅವನು ಪ್ರತಿ ಋತುವಿನಲ್ಲೂ ಹೋಗುತ್ತಿದ್ದ. ಬೇಸಿಗೆಯಲ್ಲಿ ಹೊಸದಾಗಿ ಮದುವೆಯಾದವರನ್ನು ಕರೆದೊಯ್ಯುತ್ತಿದ್ದ. ಎಲೆಯುದುರುವ ಕಾಲದಲ್ಲಿ ಮಗಳನ್ನು. ಮಳೆಯಲ್ಲೂ ಮಂಜಿನಲ್ಲೂ ಒಬ್ಬನೇ. ನಿಂತವರ ತಲೆಯನ್ನು ತನ್ನ ಜೇಬಿನ ಬಾಚಣಿಗೆಯಿಂದ ತಾನೇ ಬಾಚುತ್ತಿದ್ದ. ನಂತರ ತೊಗಲಿನ ಚೀಲವನ್ನು ಅವರ ಬೆನ್ನ ಹಿಂದೆ, ಬಂಡೆಯ ಅಂಚಿಗಿಂತ ಈಚೆ, ನೆಲಕ್ಕೆ ಇಡುತ್ತಿದ್ದ.

"ಒಂದು ಹೆಜ್ಜೆ ಹಿಂದೆ. ಇನ್ನೊಂದು. ಹಿಮ್ಮಡಿಗೆ ಚೀಲ ತಾಗಿದ ಕೂಡ್ಲೇ ನಿಂತ್ಬಿಡಿ. ಅದರಾಚೆ ಬರೀ ಗಾಳಿ."

ಮಗಳೂ ಹಾಗೆ ನಿಂತಿದ್ದಳು, ಎಲೆಯುದುರುವ ಕಾಲದಲ್ಲಿ, ಎರಡು ಜಡೆ ಹಾಕಿಕೊಂಡು. ತಿರುಗಿ ನೋಡಕೂಡದು, ಮುಖ ಕೆಡುತ್ತದೆ. ಹಿಮ್ಮಡಿಯಿಂದ ಹಿಂದಿನ ಶೂನ್ಯವನ್ನು ತಡವುತ್ತ, ತೊಗಲು ತಾಗುವ ತನಕ ಅವಳು ಉಸಿರು ಬಿಟ್ಟಿರಲಿಲ್ಲ.

* * *

ತೊಳೆದ ಫಿಲ್ಮನ್ನು ಅವಳು ದೀಪಕ್ಕೆ ಹಿಡಿದಳು. ಕೆರೆ, ಮೋಡ, ಬಾಗಿದ ಮರ. ಕೊನೆಯ ಚೌಕದಲ್ಲಿ ಒಬ್ಬ ಮನುಷ್ಯ. ಬಟನ್ ಒತ್ತಲು ಅಲ್ಲಿ ಬೇರಾರೂ ಇರಲಿಲ್ಲ. ಕ್ಯಾಮೆರಾ ತಾನಾಗಿಯೇ ಚಿತ್ರ ತೆಗೆಯುವಂತೆ ಕೀಲಿ ತಿರುಗಿಸಿ ತಂದೆಯೇ ಹೋಗಿ ನಿಂತಿದ್ದ. ನೆಗೆಟಿವ್‌ನಲ್ಲಿ ಅವನ ಮುಖ ಕಪ್ಪು, ಕಣ್ಣಿನ ಗುಳಿಗಳು ಬಿಳಿ. ಒಂದು ಕೈ ತಲೆಯ ಮೇಲೆ ಎತ್ತಿದೆ. ಒಂದು ಕಾಲು ನೆಲ ಬಿಟ್ಟಿದೆ. ಹಿಂದೆ ಕರಿಯ ಆಕಾಶ.

ಹಾರುವವನ ಭಂಗಿ ಹಾಗೇ ಇರುತ್ತದೆ.

"ಏನು ಬಂತೇ?"

"ಏನೂ ಬಂದಿಲ್ಲಮ್ಮ. ಬೆಳಕು ನುಗ್ಗಿಬಿಟ್ಟಿದೆ. ಎಲ್ಲ ಬರೀ ಬಿಳಿ."

ತಾಯಿ ಬಾಗಿಲು ಬಡಿದಳು. "ಬೆಳಕು ನುಗ್ಗಿದ್ರೆ ಫಿಲ್ಮು ಕಪ್ಪಾಗತ್ತೆ. ನನ್ನ ಹತ್ರ ಸುಳ್ಳು ಹೇಳೋದಾದ್ರೆ ಕಲ್ತುಕೊಂಡು ಹೇಳು. ತೆಗಿ ಬಾಗಿಲು."

ತೆಗೆದಳು. ಆಚೆ ಚಿಕ್ಕಪ್ಪ ಯಾರಿಗೋ ಜಾಗ ಬಿಡಿಸುತ್ತಿದ್ದ. ಪಕ್ಕದ ಬೀದಿಯ ಸ್ಟುಡಿಯೋದವನು ಕ್ಯಾಮೆರಾ ಹೊತ್ತು ಬಂದಿದ್ದ. ಹಗಲಿನಲ್ಲೂ ಬೆಳಕು ಹೊಡೆಯುತ್ತಾನೆಂದು ಅವನಿಗೆ ಫ್ಲ್ಯಾಶ್ ಎಂದೇ ಹೆಸರು.

"ಸೂರ್ಯನಿಗೇ ಫ್ಲ್ಯಾಶ್ ಹೊಡೆಯೋ ಆಸಾಮಿ ಬಂದ ನೋಡಿ," ಎಂದ ಚಿಕ್ಕಪ್ಪ.

"ಬಯ್ಯಪ್ಪಾ, ಬಯ್ಯಿ. ನಿಮ್ಮಣ್ಣ ಬಯ್ಯೋದು ಇನ್ನೂ ಚೆನ್ನಾಗಿರ್ತಿತ್ತು," ಎಂದು ಫ್ಲ್ಯಾಶ್ ಮೂಗು ಒರೆಸಿಕೊಂಡ. "ಆ ಮಹಾರಾಯನ ಗಿರಾಕಿಗಳನ್ನ ಎಷ್ಟು ಕದ್ದಿದೀನಿ. ಕಡೇ ಫೋಟೊ ಆದ್ರೂ ನಾನು ತೆಗೀಬೇಡ್ವಾ?"

ತಾಯಿ ಬಾಗಿಲು ಹಾಕಿ ಅಗಳಿ ಸೇರಿಸಿದಳು.

"ಕಣ್ಣಿನ ವಿಷಯ ನನಗೂ ಗೊತ್ತು. ಲೋಟ ಇಟ್ಟ ಕಡೆ ಅವರ ಕೈ ಹೋಗ್ತಿರಲಿಲ್ಲ." ಅವಳು ಬಾಗಿಲಿಗೆ ಬೆನ್ನು ಕೊಟ್ಟಳು. "ಹೊರಡೋವಾಗ ಏನಂದ್ರು ಗೊತ್ತಾ? ಈ ಸಲ ನನ್ನನ್ನೇ ತೆಕ್ಕೊಂಡು ಬರ್ತೀನಿ, ಗೋಡೇಲಿ ಹಾಕ್ಕೋ ಅಂದ್ರು. ತಮಾಷೆ ಅಂದ್ಕೊಂಡೆ. ನಿನ್ನೆಯಿಂದ ಅದೊಂದೇ ಮಾತು ಕಿವೀಲಿ. ಅಚ್ಚು ಹಾಕು. ನೋಡ್ಬೇಕು ನಾನು."

"ಬೇಡಮ್ಮ."

"ಹಾಕು."

ಕೆಂಪು ದೀಪದಡಿ, ತಟ್ಟೆಯ ದ್ರಾವಣದಲ್ಲಿ ಕಾಗದ ತೇಲಿತು. ಮೊದಲು ಕೋಟು ಮೂಡಿತು, ಗಾಳಿಗೆ ಹಾರುತ್ತಿದ್ದ ಅದರ ಅಂಚು. ನಂತರ ಮುಖ. ಮುಖದಲ್ಲಿ ಸಂಕೋಚದ ನಗು. ತಾಯಿಯ ಉಗುರುಗಳು ಮಗಳ ತೋಳಿಗೆ ಇಳಿದಿದ್ದವು. ಕೊನೆಗೆ, ಎತ್ತಿದ ಕೈಯಲ್ಲಿ, ಬಾಚಣಿಗೆ.

ತಾಯಿ ಬಹಳ ಹೊತ್ತು ನೋಡಿದಳು.

"ಸಾಯೋಕೆ ಹೊರಟೋರು ತಲೆ ಬಾಚ್ಕೋತಾರೇನೇ?" ಎಂದಳು. ಅದು ನಗುವೋ ಅಳುವೋ, ಬಾಯಿಗೆ ಸೆರಗು ತುರುಕಿಕೊಂಡಳು.

ಮಗಳ ಕಣ್ಣು ಚಿತ್ರದ ಕೆಳಭಾಗದಲ್ಲಿತ್ತು. ನೆಲ ಬಿಟ್ಟ ಆ ಕಾಲು ಹಾರುತ್ತಿರಲಿಲ್ಲ. ಹಿಮ್ಮಡಿ ಹಿಂದಕ್ಕೆ ಚಾಚಿ ಏನನ್ನೋ ತಡವುತ್ತಿತ್ತು.

"ಗಾಳಿ ಜೋರಿತ್ತು," ಎಂದಳು. "ಕ್ಯಾಮೆರಾ ಅಲುಗಬಾರದು ಅಂತ ಚೀಲಾನ ಮುಕ್ಕಾಲಿಗೆ ನೇತು ಹಾಕಿದಾರೆ."

"ಮತ್ತೆ ಹಿಂದೆ ಏನಿಟ್ಟಿದ್ರು?"

ಮಗಳು ಬೆರಳಿಟ್ಟು ತೋರಿಸಿದಳು: ಹಿಮ್ಮಡಿಯ ಹಿಂದೆ ಬರೀ ಆಕಾಶ. ತಟ್ಟೆಯಲ್ಲಿ ಚಿತ್ರ ಮೆಲ್ಲಗೆ ಕಪ್ಪಾಗುತ್ತಿತ್ತು. ಅದನ್ನು ಎತ್ತಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

* * *

ಹೂಳುವ ಜಾಗದಲ್ಲಿ ಪೆಟ್ಟಿಗೆಯನ್ನು ಗುಂಡಿಯ ಈಚೆ ಹಲಗೆಗಳ ಮೇಲೆ ಇಳಿಸಿದ್ದರು. ಫ್ಲ್ಯಾಶ್ ಮನೆಯವರನ್ನು ಪೆಟ್ಟಿಗೆಯ ಹಿಂದೆ ಸಾಲಾಗಿ ನಿಲ್ಲಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟ. ಅವರ ಬೆನ್ನಿಗೆ ಗುಂಡಿ ಬಾಯ್ದೆರೆದಿತ್ತು.

"ಅಕ್ಕಾ, ನಿಮ್ಮ ನೆರಳು ಪೆಟ್ಟಿಗೆ ಮೇಲೆ ಬೀಳ್ತಿದೆ. ಒಂದು ಹೆಜ್ಜೆ ಹಿಂದೆ ಹೋಗಿ."

ತಾಯಿಯ ಮುಖದಲ್ಲಿ ರಕ್ತವಿರಲಿಲ್ಲ. ತಿರುಗಿ ನೋಡದೆ, ಹೇಳಿದವರ ಮಾತು ಮೀರದ ಹಳೆಯ ರೂಢಿಯಿಂದ, ಅವಳು ಒಂದು ಕಾಲೆತ್ತಿ ಹಿಮ್ಮಡಿಯನ್ನು ಹಿಂದಕ್ಕೆ ಚಾಚಿದಳು.

ಮಗಳು ತಾನು ಹೆಗಲಿಗೆ ಹಾಕಿಕೊಂಡು ಬಂದಿದ್ದ ತಂದೆಯ ತೊಗಲ ಚೀಲವನ್ನು ಕಿತ್ತು, ಬಗ್ಗಿ, ಆ ಹಿಮ್ಮಡಿಯ ಹಿಂದೆ ಇಟ್ಟಳು.

ಹಿಮ್ಮಡಿ ತಾಗಿತು. ನಿಂತಿತು.

"ಹಾಂ, ಹಾಗೇ ಇರಿ," ಎಂದ ಫ್ಲ್ಯಾಶ್.

ಚೀಲದ ಆಚೆಯಿಂದ ಸಡಿಲ ಮಣ್ಣಿನ ಹೆಂಟೆಯೊಂದು ಉರುಳಿತು. ಅದು ತಳ ಮುಟ್ಟಿದ ಸದ್ದು ಕೇಳುವವರೆಗೆ ಇಬ್ಬರೂ ಉಸಿರು ಬಿಡಲಿಲ್ಲ.