ಒಳಕೋಣೆಯ ಐದನೆಯವಳು

ಅಂದು ಬೆಳಗಿನಿಂದ ಮೋಡ ಮುಸುಕಿತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಬೆಳಕು ಸಾಲದೆ ದರ್ಜಿ ಅಜ್ಜಿ ಹೊಲಿಗೆ ಯಂತ್ರವನ್ನು ಬಾಗಿಲ ಬಳಿಗೆ ಎಳೆದುಕೊಂಡಿದ್ದಳು. ಎದುರಿಗೆ ಅಂಗಿಯ ಬಟ್ಟೆ ಹಿಡಿದು ಬಸ್ ಡ್ರೈವರ್ ನಿಂತಿದ್ದ.

“ಹಳೇ ಅಳತೆಗೇ ಹೊಲೀರಿ ಅಜ್ಜಿ, ಅವಸರ ಇದೆ.”

“ಹಳೇ ಅಳತೆ ನಿನ್ನ ಹೊಟ್ಟೆಗೆ ಒಪ್ಪಿಗೇನಾ, ಕೇಳಿ ನೋಡು. ಎತ್ತು ಕೈ!”

ಅಷ್ಟರಲ್ಲಿ ಶಾಲೆಯ ಟೀಚರಮ್ಮ ಬಂದರು. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು. ದೇಶದಲ್ಲಿ ಜನಗಣತಿ ನಡೆಯುತ್ತಿತ್ತು; ಈ ಬೀದಿಯ ಎಣಿಕೆ ಅವರ ಪಾಲಿಗೆ ಬಂದಿತ್ತು.

“ಮನೇಲಿ ಎಷ್ಟು ಜನ ಅಜ್ಜಿ?”

“ನಾಲ್ಕು. ನಾನು, ಮಗ, ಸೊಸೆ, ಮೊಮ್ಮಗ.”

ಒಳಬಾಗಿಲಲ್ಲಿದ್ದ ಸೊಸೆ ತಲೆ ತಗ್ಗಿಸಿದಳು. ಹಿಂದಿನ ಕೋಣೆಯಲ್ಲಿ ಆರು ವರ್ಷದ ಮೊಮ್ಮಗಳು ತುಂಡುಬಟ್ಟೆ ಜೋಡಿಸುತ್ತ ಕೂತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸದು. ಗಿರಾಕಿ ಬಂದಾಗಲೆಲ್ಲ ಆ ಕೋಣೆಯ ಬಾಗಿಲು ಮುಚ್ಚುವುದು ಈ ಮನೆಯ ರೂಢಿ. ಜನ ಏನೆಂದಾರು ಎಂಬುದೇ ಅಜ್ಜಿಯ ಅಳುಕು.

“ಪುಟ್ಟ ಮಕ್ಕಳು, ಕಾಯಿಲೆಯವರು, ಯಾರನ್ನೂ ಬಿಡಬೇಡಿ,” ಎಂದರು ಟೀಚರಮ್ಮ.

“ತಲೆ ಎಣಿಸಿದ್ರೆ ನಮ್ಮ ಹೊಟ್ಟೆ ತುಂಬುತ್ತಾ?”

“ಅಳತೆ ತಗೊಳ್ಳದೆ ನೀವು ಕತ್ತರಿ ಹಾಕ್ತೀರಾ? ಸರ್ಕಾರಕ್ಕೂ ಅಳತೆ ಬೇಕಲ್ಲ. ಎಲ್ಲಿ ಎಷ್ಟು ಮಕ್ಕಳು ಅಂತ ಗೊತ್ತಾದ್ರೆ ತಾನೇ ಅಷ್ಟು ಲಸಿಕೆ, ಅಷ್ಟು ಬೆಂಚು, ಅಷ್ಟು ನರ್ಸು ಕಳಿಸೋದು? ಕಿವಿ ಕೇಳದ ಮಕ್ಕಳಿಗೆ ಕಲಿಸೋ ಟೀಚರ್ ಕೊಡಿ ಅಂತ ನಾವು ಕೇಳ್ತಾನೇ ಇದ್ದೀವಿ. ‘ನಿಮ್ಮ ಕಡೆ ಅಂಥ ಮಕ್ಕಳೇ ಇಲ್ಲವಲ್ಲ’ ಅಂತಾರೆ. ಹೋದ ಗಣತಿ ಹಾಗೆ ಹೇಳುತ್ತಂತೆ.”

ಅಳತೆ ಮುಗಿಸಿ ಯಂತ್ರ ತುಳಿಯುತ್ತಿದ್ದ ಅಜ್ಜಿಯ ಕಾಲು ನಿಂತೇಹೋಯಿತು. “ಬರ್ಕೊಂಡು ಹೋಗಿ ಊರೆಲ್ಲ ಸಾರಿದ್ರೆ?”

“ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ಅಜ್ಜಿ. ಹೇಳಿದ್ರೆ ನನಗೇ ಶಿಕ್ಷೆ. ಹೊರಗೆ ಬರೋದು ಒಟ್ಟು ಲೆಕ್ಕ ಮಾತ್ರ. ಬೇಕಾದ್ರೆ ಒಳಗೆ ಕೂತು ಮಾತಾಡೋಣ.”

“ಏನೂ ಬೇಡ. ನಾಲ್ಕೇ ಬರ್ಕೊಳ್ಳಿ.”

ಎಂದೂ ಎದುರು ಮಾತಾಡದ ಸೊಸೆ ಆಗ ಬಾಯಿ ತೆರೆದಳು. “ಅತ್ತೆ, ನಾನು ಬಸುರಿ ಇದ್ದಾಗ ಎರಡು ಜೀವಕ್ಕೆ ಉಣ್ಣು ಅಂತ ಬಡಿಸ್ತಿದ್ರಿ. ಹೊಟ್ಟೇಲಿದ್ದಾಗಲೇ ಎಣಿಸಿದ ಜೀವವನ್ನ ಈಗ್ಯಾಕೆ ಬಿಟ್ರಿ?”

ಅಜ್ಜಿ ಕೊರಳಿನ ಟೇಪು ತೆಗೆದಿಟ್ಟು ಒಳಗೆ ಹೋದಳು. ಮೊಮ್ಮಗಳ ಭುಜ ಮುಟ್ಟಿ ಎಬ್ಬಿಸಿ, ಕೈಹಿಡಿದು ಡ್ರೈವರ್ ಎದುರಿಗೇ ಕರೆತಂದಳು.

“ಐದು ಜನ. ಇವಳು ನನ್ನ ಮೊಮ್ಮಗಳು. ಕಿವಿ ಕೇಳ್ಸಲ್ಲ. ಅದನ್ನೂ ಬರ್ಕೊಳ್ಳಿ.”

“ಇಷ್ಟು ದಿನ ಈ ಪುಟ್ಟಿ ಎಲ್ಲಿದ್ಲು ಅಜ್ಜಿ?” ಎಂದ ಡ್ರೈವರ್.

“ನನ್ನ ಬುದ್ಧಿ ಎಲ್ಲಿತ್ತು ಅಂತ ಕೇಳು,” ಎಂದಳು ಅಜ್ಜಿ.

ಟೀಚರಮ್ಮ ಹೋದ ಮೇಲೆ ಅಜ್ಜಿ, ಬಾಗಿಲ ಬೆಳಕಿನಲ್ಲಿ, ತನ್ನ ಪಕ್ಕದಲ್ಲೇ ಆ ಮಗುವಿಗೆ ಎಂದೋ ಸಲ್ಲಬೇಕಿದ್ದ ಜಾಗವನ್ನು ಬಿಟ್ಟುಕೊಟ್ಟಳು.

ನಿಮ್ಮ ಬಾಗಿಲಿಗೂ ಗಣತಿಯವರು ಬರುತ್ತಾರೆ. ಗುರುತಿನ ಚೀಟಿ ನೋಡಿ, ಕೂರಿಸಿ ಮಾತಾಡಿ. ನಿನ್ನೆ ಹುಟ್ಟಿದ ಕೂಸು, ಹಾಸಿಗೆ ಹಿಡಿದ ಹಿರಿಯರು, ಮೇಲಿನ ಕೋಣೆಯ ಬಾಡಿಗೆಯವರು, ಎಲ್ಲರನ್ನೂ ಹೇಳಿ, ಇದ್ದದ್ದನ್ನು ಇದ್ದ ಹಾಗೆ ಹೇಳಿ. ದೇವರ ಲೆಕ್ಕದಲ್ಲಿ ಯಾರೂ ತಪ್ಪಿಹೋಗುವುದಿಲ್ಲ. ನಮ್ಮ ಲೆಕ್ಕದಲ್ಲೂ ಯಾರೂ ತಪ್ಪದಿರಲಿ.